ಬಟ್‌ಗೆ ಮೊದಲೊಂದು ಕಾಮಾ

ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳ ನೋಡಿ ಬಂದ ಎಂಟನೇ ಕ್ಲಾಸಿನ ಹುಡುಗನೊಬ್ಬ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ತಂದಿದ್ದ. ಪುಟ ಒಂದೂವರೆ, ವಾಕ್ಯ ಒಂದೇ. ಕೋಣಗಳನ್ನು ಓಟ ಶುರುವಾಗುವ ಗಂತಿಗೆ ತಂದರು ಆಂಡ್ ಕೊಂಬು ಊದಿದರು ಆಂಡ್ ಓಡಿಸುವವ ಹಗ್ಗ ಹಿಡಿದ ಆಂಡ್ ನೀರು ಹಾರಿತು ಆಂಡ್ ಮಾವ ಬೊಬ್ಬೆ ಹಾಕಿದರು ಆಂಡ್ ನಾನು ಐಸ್‌ಕ್ಯಾಂಡಿ ತಿಂದೆ ಆಂಡ್ ಇನ್ನೊಂದು ಕರೆಯ ಕೋಣ ಮುಂದೆ ಬಂತು ಆಂಡ್... ಹೀಗೆ ಓಡಿ ಓಡಿ, ಕೋಣಗಳು ಓಟದ ಕೊನೆಯ ಮಂಜೊಟ್ಟಿ ಮುಟ್ಟಿದ ಮೇಲೆಯೇ ಅವನ ಫುಲ್‌ಸ್ಟಾಪು. ಓದಿ ಮುಗಿಸುವಾಗ ಏದುಸಿರು ಬಂದದ್ದು ನನಗೆ.

ಕೆಂಪು ಶಾಯಿಯ ಪೆನ್ನು ಹಿಡಿದವನಿಗೆ ಇದು ಹಬ್ಬದೂಟ. ಕಾಮಾ ಇಲ್ಲ, ದೊಡ್ಡಕ್ಷರ ಇಲ್ಲ, ಆಂಡ್‌ಗಳಿಗೆ ಲೆಕ್ಕವಿಲ್ಲ. ಆದರೂ ಆ ಪುಟದಲ್ಲಿ ಕಂಬಳ ಇತ್ತು. ಕೆಸರು ನೀರು ಮುಖಕ್ಕೆ ಹಾರುತ್ತಿತ್ತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮುಂದೆ ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು, ಮಕ್ಕಳಿಗಾಗಿ ಹಾಡು, ಕಥೆ ಬರೆದವರು. ಅವರೇನಾದರೂ ಆ ದಿನ ನನ್ನ ಕ್ಲಾಸಿಗೆ ತಪಾಸಣೆಗೆ ಬಂದಿದ್ದರೆ ಹುಡುಗನ ಬೆನ್ನು ತಟ್ಟಿ, ನನ್ನ ಕೆಂಪು ಪೆನ್ನನ್ನು ಮೇಜಿನ ಖಾನೆಯಲ್ಲಿ ಇಡಲು ಹೇಳುತ್ತಿದ್ದರೇನೋ. ಇನ್‌ಸ್ಪೆಕ್ಟರು ಹಾಗೆ ಹೇಳಬಹುದು. ಪರೀಕ್ಷೆಗೆ ಕೂರಿಸಬೇಕಾದ ಮಾಷ್ಟ್ರು ಹಾಗೆ ಬಿಡುವಂತಿಲ್ಲ.

ನಾನು ಬೆಳ್ತಂಗಡಿ ತಾಲೂಕಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಸೇರಿದವನು, ಆಮೇಲೆ ಬಂಟ್ವಾಳ ಕಡೆಗೆ ವರ್ಗವಾಗಿ ಹೋದವನು. ನಾನು ಸೇರಿದಾಗ ಸರಕಾರಿ ಶಾಲೆಯ ಮಕ್ಕಳು ಇಂಗ್ಲಿಷಿನ ಮುಖ ನೋಡುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. ಒಂದನೇ ಕ್ಲಾಸಿಗೆ ಅದು ಇಳಿದು ಬಂದದ್ದು 2007ರಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮನೆಗೆ ಹೋಗುವ ದಾರಿಯ ಅಂಗಡಿಯಲ್ಲಿ ಕೊಂಕಣಿಯೋ ಬ್ಯಾರಿಯೋ. ಇಷ್ಟನ್ನು ನಾಲಿಗೆಯಲ್ಲಿ ಆಡಿಸಿಕೊಂಡು ಬರುವ ಮಕ್ಕಳಿಗೆ ಭಾಷೆ ಬರುವುದಿಲ್ಲ ಎಂದು ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಕಂಬಳದ ಹುಡುಗನ ಪುಟವನ್ನು ಮತ್ತೆ ಓದಿದಾಗ ಅವನು ಮಾಡಿದ್ದು ಏನೆಂದು ಹೊಳೆಯಿತು. ಕನ್ನಡದಲ್ಲಾದರೆ ಅವನು ಹೇಳುತ್ತಿದ್ದುದು ಹೀಗೆ: ಕೋಣಗಳನ್ನು ತಂದು, ಗಂತಿನಲ್ಲಿ ನಿಲ್ಲಿಸಿ, ಕೊಂಬು ಊದಿ, ಹಗ್ಗ ಬಿಗಿದು, ಬೊಬ್ಬೆ ಹಾಕಿ ಬಿಟ್ಟರು. ತಂದು, ನಿಲ್ಲಿಸಿ, ಊದಿ, ಬಿಗಿದು, ಹಾಕಿ — ವ್ಯಾಕರಣದ ಪುಸ್ತಕ ಇವಕ್ಕೆ ಕೃದಂತಾವ್ಯಯ ಎಂಬ ಭಾರದ ಹೆಸರಿಟ್ಟಿದೆ. ಇವು ಯಾವುವೂ ಪೂರ್ತಿ ಕ್ರಿಯೆಗಳಲ್ಲ. ಯಾರು, ಎಷ್ಟು ಜನ ಎಂಬುದನ್ನು ಹೇಳುವ ಜವಾಬ್ದಾರಿ ಕೊನೆಯ ‘ಬಿಟ್ಟರು’ ಒಂದರದ್ದೇ. ಉಳಿದವು ಅದರ ಹಿಂದೆ ಸಾಲು ಹಿಡಿದು ನಿಂತಿರುತ್ತವೆ. ತುಳುವಿನಲ್ಲೂ ಇದೇ ಕ್ರಮ.

ಇಂಗ್ಲಿಷಿನಲ್ಲಿ ಈ ವ್ಯವಸ್ಥೆ ಇಷ್ಟು ಧಾರಾಳವಾಗಿ ಇಲ್ಲ. ಅಲ್ಲಿ ಎರಡು ಸಂಗತಿಗಳನ್ನು ಸಮಸಮನಾಗಿ ಜೋಡಿಸಬೇಕಾದರೆ ಎರಡಕ್ಕೂ ಪ್ರತ್ಯೇಕ ಕರ್ತೃ ಬೇಕು, ಪ್ರತ್ಯೇಕ ಕ್ರಿಯಾಪದ ಬೇಕು, ನಡುವೆ ಕಾಮಾ ಬೇಕು, ಕಾಮಾದ ನಂತರ ಜೋಡಿಸುವ ಮಾತು ಬೇಕು. ಹುಡುಗನಿಗೆ ‘ತಂದು’ ಎಂಬುದಕ್ಕೆ ಇಂಗ್ಲಿಷ್ ಸಿಕ್ಕಿರಲಿಲ್ಲ. ಅದು ಬರಬೇಕಾದಲ್ಲೆಲ್ಲ ಒಂದೊಂದು ಆಂಡ್ ಇಟ್ಟು ಮುಂದೆ ಹೋಗಿದ್ದ. ಅವನ ಲೆಕ್ಕದಲ್ಲಿ ಅದೇನೂ ತಪ್ಪಲ್ಲ.

ನಮಗೆ ಆಗ ಆಸರೆಯೆಂದರೆ ರೆನ್ ಅಂಡ್ ಮಾರ್ಟಿನ್ ಎಂಬ ಇಂಗ್ಲಿಷ್ ವ್ಯಾಕರಣ ಪುಸ್ತಕ. ನಮ್ಮ ಸ್ಟಾಫ್‌ರೂಮಿನಲ್ಲಿ ಅದನ್ನು ಒಬ್ಬನೇ ಮನುಷ್ಯನ ಹೆಸರೆಂದು ತಿಳಿದ ಗಣಿತದ ಮಾಷ್ಟ್ರು ಒಬ್ಬರಿದ್ದರು. ಇಬ್ಬರಲ್ಲಿ ಮೊದಲಿನವರಾದ ಪಿ.ಸಿ. ರೆನ್ ಮುಂಬೈಯ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ಹೊರಗಿನ ಜಗತ್ತಿಗೆ ಅವರು 1924ರ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯ ಕರ್ತೃ. ಮರಳುಗಾಡು, ಕೋಟೆ, ಬಂದೂಕು. ಅಂಥವರು ನಮಗೆ ಬಿಟ್ಟುಹೋದದ್ದು ‘ಎರಡು ವಾಕ್ಯಗಳನ್ನು ಕೂಡಿಸಿ ಬರೆಯಿರಿ’ ಎಂಬ ಅಭ್ಯಾಸಗಳ ಮರಳುಗಾಡನ್ನು. ಕೂಡಿಸುವುದರಲ್ಲಿ ನಾಲ್ಕು ಜಾತಿ ಎಂದು ಆ ಪುಸ್ತಕ ಹೇಳುತ್ತದೆ: ಬರೀ ಸೇರಿಸುವುದು, ಇದೋ ಅದೋ ಎನ್ನುವುದು, ಎದುರು ನಿಲ್ಲಿಸುವುದು, ಒಂದರಿಂದ ಇನ್ನೊಂದನ್ನು ಹೊರಡಿಸುವುದು. ಆಂಡ್, ಆರ್, ಬಟ್, ಸೋ. ಈಗಿನ ಮಕ್ಕಳು ಇದಕ್ಕೆ ಇನ್ನೂ ಮೂರು ಸೇರಿಸಿ, ಏಳರ ಮೊದಲಕ್ಷರ ಕೂಡಿಸಿ, ‘ಫ್ಯಾನ್‌ಬಾಯ್ಸ್’ ಎಂದು ಬಾಯಿಪಾಠ ಮಾಡುತ್ತಾರೆ. ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ. ಬಾಯಿಪಾಠಕ್ಕೆ ಒಳ್ಳೆಯದೇ. ಆದರೆ ಏಳರಲ್ಲಿ ಫಾರ್ ಮತ್ತು ನಾರ್‌ಗಳನ್ನು ಬಂಟ್ವಾಳ ಪೇಟೆಯಲ್ಲಿ ಯಾರಾದರೂ ಬಳಸಿದ್ದನ್ನು ನಾನು ಕೇಳಿಲ್ಲ, ಇಂಗ್ಲಿಷ್ ಮೀಡಿಯಮ್ಮಿನವರ ಬಾಯಲ್ಲೂ.

‘ಬಟ್‌ಗೆ ಮೊದಲು ಕಾಮಾ ಹಾಕಬೇಕು’ ಎಂದು ನಾನು ಬೋರ್ಡಿನ ಮೇಲೆ ಬರೆದ ದಿನ ಇಡೀ ಕ್ಲಾಸು ಕಿಸಕ್ಕನೆ ನಕ್ಕು ಹಿಂದಿನ ಬೆಂಚಿನ ಕಡೆ ತಿರುಗಿತ್ತು. ಹಾಜರಿ ಪುಸ್ತಕದಲ್ಲಿ ಇಬ್ಬರು ಭಟ್ಟರಿದ್ದರು. ನಮ್ಮೂರಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುವವರಿಗೆ ಈ ತೊಂದರೆ ತಪ್ಪಿದ್ದಲ್ಲ. ಅವತ್ತಿನಿಂದ ಆ ಇಬ್ಬರು ಸಾಲಿನಲ್ಲಿ ನಿಂತರೆ ಅವರ ಮುಂದೆ ಒಬ್ಬ ಬಗ್ಗಿ, ಬೆನ್ನು ಬಾಗಿಸಿ, ‘ನಾನು ಕಾಮಾ’ ಎನ್ನುತ್ತಿದ್ದ. ಒಂದು ಲಾಭವಾಯಿತು: ಆ ವರ್ಷದ ಉತ್ತರಪತ್ರಿಕೆಗಳಲ್ಲಿ ಬಟ್‌ಗೆ ಮೊದಲು ಕಾಮಾ ಬಿಟ್ಟುಹೋದದ್ದು ನನಗೆ ಕಾಣಸಿಗಲಿಲ್ಲ. ಬೇಡದ ಕಡೆಯೂ ಹಾಕಿದ್ದರು ಎನ್ನುವುದು ಬೇರೆ ಮಾತು. ಅವನು ವೇಣೂರಿಗೆ ಹೋದ, ಅಡಕೆ ಮಾರಿದ ಎಂಬಲ್ಲಿ ಹೋದವನೂ ಮಾರಿದವನೂ ಒಬ್ಬನೇ. ಇಂಗ್ಲಿಷಿನಲ್ಲಿ ಎರಡನೆಯ ಸಲ ‘ಹೀ’ ಎಂದು ಹೇಳದೆ ಬರೆದರೆ ಅಲ್ಲಿ ಕಾಮಾ ಬೇಕಿಲ್ಲ. ಅವನು ವೇಣೂರಿಗೆ ಹೋದ, ಅವನ ಅಣ್ಣ ಪುಂಜಾಲಕಟ್ಟೆಗೆ ಹೋದ ಎಂದರೆ ಇಬ್ಬರು ಮನುಷ್ಯರು, ಎರಡು ಬಸ್ಸು. ಅಲ್ಲಿ ಬೇಕು. ಇಷ್ಟೇ ಸೂತ್ರ. ಇದನ್ನು ಹೇಳಲು ಹತ್ತು ನಿಮಿಷ ಸಾಕು, ರೂಢಿಯಾಗಲು ಮೂರು ವರ್ಷ ಬೇಕು.

ಕಾಮಾದ ಬಗ್ಗೆ ಇಷ್ಟೆಲ್ಲ ಬಿಗಿ ಯಾಕೆ ಎಂದು ಒಮ್ಮೊಮ್ಮೆ ನನಗೇ ಅನಿಸಿದ್ದುಂಟು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದು ನಿಂತದ್ದು 1430ರಲ್ಲಿ. ಅರ್ಧವಿರಾಮ ಎಂದು ನಾವು ಕರೆಯುವ, ಚುಕ್ಕಿಯ ಕೆಳಗೆ ಕಾಮಾ ಇರುವ ಚಿಹ್ನೆಯನ್ನು ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಶಿಯಸ್ ಮೊದಲು ಅಚ್ಚಿಗೆ ತಂದದ್ದು 1490ರ ದಶಕದಲ್ಲಿ. ಅಂದರೆ ಬಸದಿ ಅರ್ಧವಿರಾಮಕ್ಕಿಂತ ಅರವತ್ತು ವರ್ಷ ಹಿರಿಯದು. ಅದೇ ಮೂಡುಬಿದಿರೆಯ ಜೈನ ಭಂಡಾರದಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದು ಬಂದವು. ಪ್ರಾಕೃತ, ಸಂಸ್ಕೃತದ ಮಾತು, ಹಳಗನ್ನಡದ ಲಿಪಿ. ತಾಳೆಗರಿಯ ಬರವಣಿಗೆಯನ್ನು ಯಾರಾದರೂ ನೋಡಿದ್ದರೆ ಗೊತ್ತು. ಅಕ್ಷರಗಳು ಈ ತುದಿಯಿಂದ ಆ ತುದಿಯವರೆಗೆ ಒಂದಕ್ಕೊಂದು ತಾಗಿಕೊಂಡೇ ಹೋಗುತ್ತವೆ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಅಲ್ಲೊಂದು ಇಲ್ಲೊಂದು ದಂಡ ಬಿಟ್ಟರೆ ಕಾಮಾ ಇಲ್ಲ, ಪ್ರಶ್ನೆಚಿಹ್ನೆ ಇಲ್ಲ, ಉದ್ಗಾರವಂತೂ ಇಲ್ಲವೇ ಇಲ್ಲ. ಎಲ್ಲಿ ಉಸಿರು ಬಿಡಬೇಕೆಂಬುದನ್ನು ಓದುವವನು ಕಲಿತು ಬಂದಿರಬೇಕು. ಗುರುವಿನ ಮುಂದೆ ಕೂತು ಕಲಿತವನಿಗೆ ಅದು ಗೊತ್ತಿರುತ್ತಿತ್ತು.

ಗುರು ಎದುರಿಗಿಲ್ಲದೆ, ಒಬ್ಬನೇ ಕಿಟಕಿಯ ಪಕ್ಕ ಕೂತು, ಗೊತ್ತಿಲ್ಲದವನು ಬರೆದದ್ದನ್ನು ಓದುವ ಕಾಲ ಬಂದಾಗ ಚಿಹ್ನೆಗಳು ಬೇಕಾದವು. ನಮ್ಮ ಕಡೆಗೆ ಆ ಕಾಲ ಬಂದದ್ದು ಮಂಗಳೂರಿನ ದಾರಿಯಾಗಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಬಂದಿಳಿದರು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕಿಟೆಲ್ಲರ ನಿಘಂಟು 1894ರಲ್ಲಿ ಬಂತು. ಅಚ್ಚಿನ ಕನ್ನಡ ಬೆಳೆದಂತೆ ಯುರೋಪಿನ ಈ ಚುಕ್ಕಿ ಕೊಕ್ಕೆಗಳೆಲ್ಲ ನಮ್ಮ ಅಕ್ಷರಗಳ ನಡುವೆ ಬಂದು ಕೂತವು. ಇವತ್ತು ಕನ್ನಡ ಪಾಠಪುಸ್ತಕದಲ್ಲಿ ಅವು ಪೂರ್ಣವಿರಾಮ, ಅರ್ಧವಿರಾಮ, ಅಲ್ಪವಿರಾಮ ಎಂದು ಸಂಸ್ಕೃತದ ಹೆಸರಿಟ್ಟುಕೊಂಡು ನಮ್ಮವೇ ಆಗಿ ಕೂತಿವೆ. ಅರ್ಧವಿರಾಮ ಮಾತ್ರ ಪಾಪ, ಹೆಸರಿಗೆ ಇದೆ. ಕನ್ನಡದಲ್ಲಿ ಬರೆಯುವವರಲ್ಲಿ ಅದನ್ನು ಹಾಕುವವರು ಬೆರಳೆಣಿಕೆಯಷ್ಟು.

ಚಿಹ್ನೆಗಳಿಗೆ ಇವತ್ತಿಗೂ ಜಗ್ಗದೆ ನಿಂತ ಕೋಟೆ ಒಂದಿದೆ: ಜಾಗದ ದಸ್ತಾವೇಜು. ನಮ್ಮ ತಂದೆಯ ಕಾಲದ ಕ್ರಯಪತ್ರವೊಂದು ಮನೆಯ ಕಪಾಟಿನಲ್ಲಿದೆ. ಬಂಟ್ವಾಳದ ಬರಹಗಾರರೊಬ್ಬರು ಬರೆದದ್ದು. ಸದ್ರಿ ವರ್ಗ ಜಾಗವೂ, ಅದಕ್ಕೆ ಸಂಬಂಧಪಟ್ಟ ಕುಮ್ಕಿ ಹಕ್ಕೂ, ಅದರಲ್ಲಿರುವ ಮರಮಟ್ಟುಗಳೂ, ಬಾವಿಯೂ, ನೀರು ಬಿಡುವ ತೋಡೂ, ನಡೆದು ಹೋಗುವ ದಾರಿಯೂ ಎಂದು ಶುರುವಾದದ್ದು ನಾಲ್ಕು ದಿಕ್ಕಿನ ಚೆಕ್ಕುಬಂದಿ ಸುತ್ತಿ, ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಎಂಬಲ್ಲಿಗೆ ಬಂದು, ಮೂರನೇ ಪುಟದಲ್ಲಿ ‘ಬರೆದುಕೊಟ್ಟಿರುತ್ತೇನೆ’ ಎಂದು ನಿಲ್ಲುತ್ತದೆ. ಒಂದೇ ವಾಕ್ಯ. ನಡುವೆ ಚುಕ್ಕಿ ಇಟ್ಟರೆ ಆ ಚುಕ್ಕಿಯ ಪಕ್ಕ ಯಾರಾದರೂ ಇನ್ನೊಂದು ಬಾವಿ ಸೇರಿಸಿಯಾರು ಎಂಬ ಭಯ. ಕಂಬಳದ ಹುಡುಗ ಇಂಗ್ಲಿಷ್ ಪರೀಕ್ಷೆಯಲ್ಲಿ ಹೇಗೇ ಆಗಲಿ, ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಮೇಜು ಹಾಕಿಕೊಂಡು ಕೂತಿದ್ದರೆ ಬದುಕಿಕೊಳ್ಳುತ್ತಿದ್ದ.

ಅರ್ಧವಿರಾಮದ ವಿಷಯ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಎರಡು ಪೂರ್ತಿ ವಾಕ್ಯಗಳ ನಡುವೆ ಬರೀ ಕಾಮಾ ಇಟ್ಟರೆ ತಪ್ಪು. ಕನ್ನಡದಲ್ಲಿ ಅದು ದಿನನಿತ್ಯದ ಮಾತು: ಮಳೆ ಜೋರಾಯಿತು, ಡಿಸಿ ರಜೆ ಕೊಟ್ಟರು. ಮಕ್ಕಳು ಇದನ್ನೇ ಹಾಗೆಯೇ ಇಂಗ್ಲಿಷಿಗೆ ತರುತ್ತಾರೆ. ಜೋಡಿಸುವ ಮಾತು ಬೇಡ ಎಂದಾದರೆ ಅಲ್ಲಿ ಅರ್ಧವಿರಾಮ ಹಾಕು, ಎರಡೂ ಕಡೆ ಪೂರ್ತಿ ವಾಕ್ಯ ಇರಲಿ, ಒಂದರ ಮೈಗೆ ಇನ್ನೊಂದು ತಾಗಿರಲಿ, ಬೆರೆತು ಹೋಗುವುದು ಬೇಡ ಎಂದು ನಾನು ಹೇಳುತ್ತಿದ್ದಾಗ ಕಲ್ಲಡ್ಕದಿಂದ ಬರುವ ಹುಡುಗಿ ಕೈ ಎತ್ತಿದಳು.

‘ಕೆ.ಟಿ.ಯ ಹಾಗೆಯಾ ಸರ್?’

ಕಲ್ಲಡ್ಕದ ಕೆ.ಟಿ. ಕುಡಿಯದವರಿಗಾಗಿ ಹೇಳುತ್ತೇನೆ. ಗಾಜಿನ ಲೋಟದಲ್ಲಿ ಕೆಳಗೆ ಸಕ್ಕರೆ ಹಾಕಿದ ಬಿಳಿ ಹಾಲು, ಮೇಲೆ ಕಪ್ಪು ಚಹಾದ ಡಿಕಾಕ್ಷನ್, ನಡುವೆ ಗೆರೆ ಎಳೆದಂತೆ ಗಡಿ. ಲೋಟ ಒಂದೇ, ಕುಡಿಯುವುದೂ ಒಟ್ಟಿಗೇ, ಆದರೆ ಎರಡೂ ಎರಡಾಗಿ ಕಣ್ಣಿಗೆ ಕಾಣುತ್ತವೆ. ನಾನು ಎಷ್ಟೋ ವರ್ಷ ಹೇಳಲು ಒದ್ದಾಡಿದ್ದನ್ನು ಅವಳು ಎರಡು ಅಕ್ಷರದಲ್ಲಿ ಮುಗಿಸಿದ್ದಳು. ‘ಹೌದು, ಹಾಗೆಯೇ. ಚಮಚ ಹಾಕಿ ಕಲಕಿದರೆ ಕಂಬಳದ ಪ್ರಬಂಧ ಆಗುತ್ತದೆ’ ಎಂದೆ.

ಇಷ್ಟಾಗಿಯೂ ನನಗನಿಸಿದ್ದು, ಕಷ್ಟ ಇರುವುದು ಕಾಮಾದಲ್ಲಿ ಅಲ್ಲ ಎಂದು. ಕಾಮಾವನ್ನು ಈಗ ಫೋನೇ ತಿದ್ದಿ ಕೊಡುತ್ತದೆ. ಎರಡು ಸಂಗತಿಗಳ ನಡುವೆ ಆಂಡ್ ಇಡಬೇಕೋ, ಬಟ್ ಇಡಬೇಕೋ, ಸೋ ಇಡಬೇಕೋ ಎಂದು ತೀರ್ಮಾನಿಸುವವನು ಬರೆಯುವವನೇ. ಮಳೆ ಬಂತು ಆಂಡ್ ಡಿಸಿ ರಜೆ ಕೊಟ್ಟರು ಎಂದರೆ ವರದಿ. ಸೋ ಎಂದರೆ ಕಾರಣ ಹುಡುಕಿಟ್ಟಂತೆ. ಮಳೆ ಬಂತು ಬಟ್ ಡಿಸಿ ರಜೆ ಕೊಡಲಿಲ್ಲ ಎಂಬುದರಲ್ಲಿ ಒಂದು ದೂರು ಇದೆ. ಈ ಕೊನೆಯ ವಾಕ್ಯವನ್ನು ನಮ್ಮ ಜಿಲ್ಲೆಯ ಯಾವ ಮಗುವೂ ತಪ್ಪಾಗಿ ಬರೆದದ್ದನ್ನು ನಾನು ನೋಡಿಲ್ಲ. ಜುಲೈ ತಿಂಗಳಿಡೀ ಅದನ್ನು ಅನುಭವಿಸಿ ಕಲಿತಿರುತ್ತವೆ.

ಹೀಗೆ ಜೋಡಿಸುವ ವಿದ್ಯೆ ಈ ಮಕ್ಕಳಿಗೆ ಹೊಸತಲ್ಲ ಎಂದು ನನಗೆ ಗೊತ್ತಾದದ್ದು ಒಂದು ತಾಳಮದ್ದಳೆಯಲ್ಲಿ. ಬೆಳ್ತಂಗಡಿ ಕಡೆಯ ದೇವಸ್ಥಾನವೊಂದರ ಚಾವಡಿ. ಪ್ರಸಂಗ ವಾಲಿಮೋಕ್ಷ. ನನ್ನ ಎದುರಿನ ಸಾಲಿನಲ್ಲೇ ನನ್ನ ಕ್ಲಾಸಿನ ಮೂವರು ಹುಡುಗರು ಬಾಯಿ ತೆರೆದು ಕೂತಿದ್ದರು. ಕುಣಿತವಿಲ್ಲ, ವೇಷವಿಲ್ಲ, ಭಾಗವತರ ಹಾಡು ಬಿಟ್ಟರೆ ಬರೀ ಮಾತು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ. ನೀನು ಸೂರ್ಯವಂಶದವನು ಹೌದು, ಧರ್ಮ ತಿಳಿದವನೂ ಹೌದು, ಆದರೆ ಮರೆಯಲ್ಲಿ ನಿಂತೆ. ನನ್ನಿಂದ ನಿನಗೇನಾದರೂ ಅನ್ಯಾಯ ಆಗಿತ್ತೇ, ಅಥವಾ ನನ್ನ ರಾಜ್ಯ ಬೇಕಾಗಿತ್ತೇ? ಹೆಂಡತಿಯನ್ನು ಕೊಂಡುಹೋದವನು ರಾವಣ. ಹಾಗಾದರೆ ಬಾಣ ನನಗೆ ಯಾಕೆ? ರಾಮ ಬಿಡುವವನಲ್ಲ. ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಆದ್ದರಿಂದ ದಂಡನೆಗೆ ಅರ್ಹ. ನೀನು ಕಪಿ, ಆದ್ದರಿಂದ ಬೇಟೆಗೆ ಮರೆ ತಪ್ಪಲ್ಲ. ತಕ್ಷಣ ವಾಲಿ: ಕಪಿಯೆಂದಾದರೆ ಮನುಷ್ಯರ ದಾಂಪತ್ಯದ ನಿಯಮ ನನಗೆ ಯಾಕೆ? ನಿಯಮ ನನಗೂ ಉಂಟೆಂದಾದರೆ ಮರೆಯ ಬೇಟೆ ಹೇಗೆ? ಚಾವಡಿಯಲ್ಲಿ ಚಪ್ಪಾಳೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಇವತ್ತಿಗೂ ಅದರ ಒಂದೊಂದು ಆದರೆಯನ್ನೂ ನೆನಪಿಟ್ಟುಕೊಂಡಿದ್ದಾರೆ. ಅರ್ಥಧಾರಿ ‘ಆದರೆ’ ಎಂದು ಹೇಳಿ ಒಂದು ಕ್ಷಣ ಸುಮ್ಮನಾಗುತ್ತಾನಲ್ಲ, ಆ ನಿಲುಗಡೆಯನ್ನು ಕಾಗದದ ಮೇಲೆ ಹೇಗೆ ತೋರಿಸುವುದು ಎಂಬುದಕ್ಕೆ ತಾನೇ ಇಷ್ಟೆಲ್ಲ ಚಿಹ್ನೆ.

ಮರುದಿನ ಕ್ಲಾಸಿನಲ್ಲಿ ರೆನ್ ಅಂಡ್ ಮಾರ್ಟಿನ್ ಮುಚ್ಚಿಟ್ಟೆ. ಆ ಮೂವರನ್ನು ಎಬ್ಬಿಸಿ, ಒಬ್ಬ ವಾಲಿ, ಒಬ್ಬ ರಾಮ, ಇನ್ನೊಬ್ಬ ಭಾಗವತ ಎಂದು ನಿಲ್ಲಿಸಿದೆ. ಕನ್ನಡದಲ್ಲಿ ವಾದ, ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರಹ. ವಾಲಿಯ ಕಡೆಗೆಲ್ಲ ಬಟ್ ಮತ್ತು ಆರ್, ರಾಮನ ಕಡೆಗೆಲ್ಲ ಸೋ. ಆಂಡ್‌ಗೆ ಇಬ್ಬರೂ ಕೈ ಹಾಕಲಿಲ್ಲ! ಜಗಳದಲ್ಲಿ ಅದಕ್ಕೆ ಕೆಲಸವಿಲ್ಲ ಎಂದು ಅವರಿಗೇ ಗೊತ್ತಾಗಿತ್ತು. ಭಾಗವತನಾದವನು ಪ್ರತಿ ಬಟ್‌ಗೆ ಮೊದಲು ಡಸ್ಟರಿನಿಂದ ಮೇಜಿಗೆ ಒಂದು ಪೆಟ್ಟು ಹಾಕಬೇಕು, ಅದು ಕಾಮಾ. ಪಕ್ಕದ ಕ್ಲಾಸಿನ ಟೀಚರ್ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ವಾಲಿ ಕೊನೆಗೂ ಸೋಲಲೇ ಇಲ್ಲ, ಬೆಲ್ ಆಯಿತು.

ಇದೇ ಬಟ್ ಇನ್ನೊಂದು ರೂಪದಲ್ಲಿ ನನ್ನ ಮನೆಗೇ ಬಂದದ್ದುಂಟು. ನಿವೃತ್ತನಾಗಿ ಮೂಡುಬಿದಿರೆಯ ಹತ್ತಿರ ಬಂದು ಕೂತ ಮೇಲೆ, ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿದ್ದಕಟ್ಟೆಯ ಬಸ್ಸಿಳಿದು ಮನೆಗೆ ಬಂದಳು. ಡಿಗ್ರಿ ಮುಗಿಸಿ ಮುಂದಿನ ಓದಿಗೆ ಅರ್ಜಿ ಹಾಕುತ್ತಿದ್ದಳು. ಕೈಯಲ್ಲಿ ಅವಳ ಬಗ್ಗೆ ದೊಡ್ಡವರೊಬ್ಬರು ಕೊಟ್ಟ ಶಿಫಾರಸು ಪತ್ರ, ಸಹಿ ಸೀಲು ಎಲ್ಲ ಬಿದ್ದದ್ದು. ಮಧ್ಯದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ಶಿ ಈಸ್ ಫ್ರಮ್ ಎ ಕನ್ನಡ ಮೀಡಿಯಮ್ ಸ್ಕೂಲ್, ಬಟ್ ಶಿ ಈಸ್ ಇಂಟೆಲಿಜೆಂಟ್.’

‘ಕಾಮಾ ಸರಿ ಉಂಟು ಸರ್’ ಎಂದಳು. ‘ಬಟ್ ಎಂತಕ್ಕೆ?’

ವ್ಯಾಕರಣದಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಎರಡು ವಾಕ್ಯ, ಎರಡೂ ಪೂರ್ತಿ, ನಡುವೆ ಕಾಮಾ, ಕಾಮಾದ ನಂತರ ಬಟ್. ಎಸ್ಸೆಸ್ಸೆಲ್ಸಿಯಲ್ಲಾದರೆ ಪೂರ್ತಿ ಮಾರ್ಕು. ಬರೆದವರಿಗೆ ಅವಳ ಮೇಲೆ ಪ್ರೀತಿಯೇ ಇತ್ತು, ಉಳಿದ ಸಾಲುಗಳಲ್ಲಿ ಅದು ಕಾಣುತ್ತಿತ್ತು. ಆ ಮೂರಕ್ಷರದ ಮಾತು ಮಾತ್ರ ಅವರಿಗೆ ಗೊತ್ತಿಲ್ಲದೆಯೇ ಒಂದು ತೀರ್ಪು ಕೊಟ್ಟುಬಿಟ್ಟಿತ್ತು. ಕನ್ನಡ ಶಾಲೆ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ.

ಬೇರೆ ಏನು ಹಾಕಬಹುದೆಂದು ನಾವಿಬ್ಬರೂ ಜಗಲಿಯಲ್ಲಿ ಕೂತು ನೋಡಿದೆವು. ಆಂಡ್ ಎಂದರೆ ಸಪ್ಪೆ, ಯಾರೋ ಫಾರ್ಮ್ ತುಂಬಿದ ಹಾಗೆ. ಅರ್ಧವಿರಾಮ ಅವಳಿಗೆ ಅಷ್ಟಾಗಿ ಹಿಡಿಸಲಿಲ್ಲ, ಓದುವವರು ಅದನ್ನು ಮತ್ತೆ ಬಟ್ ಎಂದೇ ಓದಿಕೊಳ್ಳುತ್ತಾರೆ ಸರ್ ಎಂದಳು. ಅದು ನಿಜ ಎಂದು ನನಗೂ ಕಂಡಿತು. ಹೇಗೂ ಸಹಿಯಾದ ಪತ್ರ, ನಾವು ಮುಟ್ಟುವಂತಿರಲಿಲ್ಲ. ‘ಇರಲಿ ಬಿಡಿ, ನನ್ನ ಬಗ್ಗೆ ನಾನು ಬರೆಯುವ ಪುಟ ಒಂದುಂಟಲ್ಲ’ ಎಂದು ಚೀಲದಿಂದ ಹಾಳೆ ತೆಗೆದು, ಚಹಾ ಬರುವುದರೊಳಗೆ ಬರೆದು ತೋರಿಸಿದಳು. ‘ಐ ಸ್ಟಡೀಡ್ ಇನ್ ಎ ಕನ್ನಡ ಮೀಡಿಯಮ್ ಸ್ಕೂಲ್, ಸೋ ಐ ಕ್ಯಾನ್ ಥಿಂಕ್ ಇನ್ ತ್ರೀ ಲ್ಯಾಂಗ್ವೇಜಸ್.’

ಕಾಮಾ ಇರಬೇಕಾದಲ್ಲೇ ಇತ್ತು. ಲ್ಯಾಂಗ್ವೇಜಸ್‌ನ ಸ್ಪೆಲ್ಲಿಂಗಿನಲ್ಲಿ ಒಂದು ‘ಯು’ ಬಿಟ್ಟುಹೋಗಿತ್ತು. ಅದನ್ನು ಪೆನ್ಸಿಲಿನಲ್ಲಿ ಸೇರಿಸಿ ಕೊಟ್ಟೆ.